ಹಳೆಯ ಕಾರಿನ ಸ್ಟೀರಿಂಗ್ ಬಿಗಿಯಾದಾಗ ದೋಷ ಹುಡುಕುವ ಕ್ರಮ

ವಿಂಟೇಜ್ ಕಾರಿನ ಸ್ಟೀರಿಂಗ್ ಬಿಗಿಯಾಯಿತೆಂದರೆ ಹಲವರ ಕೈ ಮೊದಲು ಹೋಗುವುದು ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗ್ ದಂಡದ ಕೆಳತುದಿಯ ಗೇರ್ ಪೆಟ್ಟಿಗೆ) ಸಡಿಲವನ್ನು ಸರಿಹೊಂದಿಸುವ ಅಡ್ಜಸ್ಟಿಂಗ್ ಸ್ಕ್ರೂ ಕಡೆಗೆ. ಬಿಗಿತ ಎಲ್ಲಿದೆಯೆಂದು ಖಚಿತವಾಗುವವರೆಗೆ ದಯವಿಟ್ಟು ಅದನ್ನು ಮುಟ್ಟಬೇಡಿ. ಪವರ್ ಸ್ಟೀರಿಂಗ್ ಇಲ್ಲದ ಈ ಕಾರುಗಳಲ್ಲಿ ನಿಂತಲ್ಲೇ ಚಕ್ರ ತಿರುಗಿಸುವುದು ಸಹಜವಾಗಿಯೇ ಭಾರ. ಆದ್ದರಿಂದ ಮುಂದಿನ ಟೈರುಗಳ ಗಾಳಿಯನ್ನು ಸರಿಪಡಿಸಿಕೊಂಡು, ಕಾರು ನಿಧಾನವಾಗಿ ಚಲಿಸುತ್ತಿರುವಾಗಲೂ ಬಿಗಿ ಉಳಿದಿದೆಯೇ ಎಂದು ನೋಡಬೇಕು.

ಉಳಿದಿದ್ದರೆ ಮುಂದಿನ ಆಕ್ಸಲ್ಲನ್ನು ಜ್ಯಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಆಗಲೂ ಬಿಗಿಯಿದ್ದರೆ ಡ್ರಾಪ್ ಆರ್ಮ್‌ನಿಂದ (ಬಾಕ್ಸಿನಿಂದ ಹೊರಬಂದ ತೋಳು) ಡ್ರ್ಯಾಗ್ ಲಿಂಕನ್ನು (ಆ ತೋಳಿನ ಚಲನೆಯನ್ನು ಚಕ್ರಗಳಿಗೆ ಒಯ್ಯುವ ಸರಳು) ಬಿಚ್ಚಿ, ಬಾಕ್ಸಿನ ಕಡೆ ಮತ್ತು ಚಕ್ರಗಳ ಕಡೆ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಹೆಜ್ಜೆ ಮತ್ತೊಂದಿಲ್ಲ.

ಚಕ್ರಗಳ ಕಡೆ ಬಿಗಿಯಿದ್ದರೆ ಮೊದಲ ಅನುಮಾನ ಕಿಂಗ್ ಪಿನ್‌ಗಳ (ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಪಿನ್‌ಗಳು) ಮೇಲಿರಲಿ. ಹಳೆಯ ಗ್ರೀಸ್ ಒಣಗಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚಿರುತ್ತದೆ. ಗ್ರೀಸ್ ಗನ್ ಒತ್ತಿದಾಗ ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಬಾಯಿ) ಸುತ್ತಲೇ ಗ್ರೀಸ್ ಉಕ್ಕಿದರೆ ಅದು ಒಳಗೆ ಹೋಗಿಲ್ಲವೆಂದೇ ಅರ್ಥ. ನಿಪ್ಪಲ್ ಬಿಚ್ಚಿ, ರಂಧ್ರ ಶುಚಿಗೊಳಿಸಿ, ಪಿನ್ನಿನ ಅಂಚಿನಲ್ಲಿ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ತುಂಬಿಸಬೇಕು. ಕಾರಿನ ಭಾರ ಚಕ್ರದ ಮೇಲಿದ್ದಾಗ ಕಿಂಗ್ ಪಿನ್ ಬಳಿ ಆ ಭಾರ ಹೊರುವ ಥ್ರಸ್ಟ್ ವಾಷರಿನ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಅಲ್ಲಿಗೆ ಗ್ರೀಸ್ ಸುಲಭವಾಗಿ ತಲುಪುವುದಿಲ್ಲ. ಹಾಗಾಗಿ ಚಕ್ರ ಎತ್ತಿರುವಾಗಲೇ ಈ ಕೆಲಸ ಮುಗಿಸಿ. ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ತುದಿಯ ಜಾಯಿಂಟ್‌ಗಳನ್ನೂ ಇದೇ ಸಮಯದಲ್ಲಿ ನೋಡಬಹುದು.

ಚಕ್ರ ಎತ್ತಿದಾಗ ಎಲ್ಲವೂ ಹಗುರ, ನೆಲಕ್ಕಿಳಿಸಿದೊಡನೆ ಭಾರ ಎನ್ನುವಂತಿದ್ದರೆ ಸವೆದ ಥ್ರಸ್ಟ್ ವಾಷರ್, ಮೂಲಕ್ಕಿಂತ ಅಗಲವಾದ ಟೈರು, ಇಲ್ಲವೇ ಹೆಚ್ಚಾದ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಾರಣವಿರಬಹುದು. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವಿನ ಬೆಣೆಯನ್ನು ಯಾರಾದರೂ ತಿರುವುಮುರುವಾಗಿ ಹಾಕಿದ್ದರೂ ಈ ಕೋನ ಕೆಡುತ್ತದೆ.

ಬಿಗಿ ಬಾಕ್ಸಿನ ಕಡೆಯೇ ಉಳಿದರೆ, ಡ್ಯಾಶ್‌ಬೋರ್ಡಿನ ಕೆಳಗೆ ಸ್ಟೀರಿಂಗ್ ಕಾಲಂ (ಸ್ಟೀರಿಂಗ್ ದಂಡ) ಹಿಡಿದಿರುವ ಬ್ರಾಕೆಟ್ಟನ್ನು ಸಡಿಲಿಸಿ. ಕಾಲಂ ಪಕ್ಕಕ್ಕೆ ಜಿಗಿದು ಸ್ಟೀರಿಂಗ್ ಹಗುರಾದರೆ, ಬ್ರಾಕೆಟ್ ಅದನ್ನು ಬಾಗಿಸಿ ಹಿಡಿದಿತ್ತು ಎಂದಾಯಿತು. ಅದೂ ಅಲ್ಲವಾದರೆ ಬಾಕ್ಸಿನ ಎಣ್ಣೆ ನೋಡಿ, ನಂತರವಷ್ಟೇ ಸ್ಕ್ರೂ ಸಡಿಲಿಸಿ. ಬಾಕ್ಸಿನೊಳಗಿನ ವರ್ಮ್ (ಸುರುಳಿ ಹಲ್ಲಿನ ಗೇರ್) ಹೆಚ್ಚು ಸವೆಯುವುದು ಚಕ್ರ ನೇರವಾಗಿರುವ ಸ್ಥಾನದಲ್ಲಿ. ಅಲ್ಲಿನ ಆಟವನ್ನು (ಸಡಿಲವನ್ನು) ಪೂರ್ತಿ ತೆಗೆಯುವಂತೆ ಸ್ಕ್ರೂ ಬಿಗಿದರೆ ತಿರುವುಗಳಲ್ಲಿ ಬಾಕ್ಸ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಎರಡೂ ತುದಿಗಳವರೆಗೆ ಎಲ್ಲಿಯೂ ಹಿಡಿಯದಷ್ಟಕ್ಕೆ ಸ್ಕ್ರೂ ನಿಲ್ಲಿಸಿ, ಡ್ರ್ಯಾಗ್ ಲಿಂಕನ್ನು ಹೊಸ ಸ್ಪ್ಲಿಟ್ ಪಿನ್ (ಜೋಡಣೆ ಕಳಚದಂತೆ ತಡೆಯುವ ಪಿನ್) ಹಾಕಿ ಮತ್ತೆ ಜೋಡಿಸಿ.