ಹುಳು ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಬಯಾಲಜಿ ಓದಿದ್ದು

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ರೇಷ್ಮೆ ಸಾಕುವ ಮನೆ. ಸೆಕೆಂಡ್ ಪಿಯುಸಿಯಲ್ಲಿ ನನಗೆ ಸಿಗುತ್ತಿದ್ದದ್ದು ಅಪ್ಪನ ಫೋನು, ಅದೂ ಸಂಜೆ ಮೇಲೆ. ಹಗಲೆಲ್ಲಾ ಅದು ಗೂಡಿನ ರೇಟ್ ಕೇಳೋಕೆ ಬೇಕು.

ಮೊದಲ ಕೆಲವು ತಿಂಗಳು ಯೂಟ್ಯೂಬ್‌ನಲ್ಲಿ ಪಾಠ ಹಾಕಿ, ಸ್ಪೀಡ್ 1.5ಕ್ಕೆ ಏರಿಸಿ, ತಲೆ ಆಡಿಸುತ್ತಾ ನೋಡುತ್ತಿದ್ದೆ. ಎಲ್ಲಾ ಅರ್ಥವಾದ ಹಾಗೇ ಇರುತ್ತಿತ್ತು. ಒಂದು ದಿನ ಮೇಡಂ ಲ್ಯಾಕ್ ಒಪೆರಾನ್ (ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಸಕ್ಕರೆ ಅರಗಿಸುವ ಜೀನುಗಳ ಸಾಲು) ಚಿತ್ರ ಬರೆಯಲು ಬೋರ್ಡ್ ಹತ್ತಿರ ಕರೆದರು. ಹಿಂದಿನ ರಾತ್ರಿಯಷ್ಟೇ ಅದೇ ವಿಡಿಯೊ ನೋಡಿದ್ದೆ. ಐ, ಪಿ, ಒ, ಝಡ್, ವೈ, ಎ ಅಂತ ಸಾಲಾಗಿ ಡಬ್ಬಿ ಹಾಕಿದೆ. ಲ್ಯಾಕ್ಟೋಸ್ ಇಲ್ಲದಾಗ ರಿಪ್ರೆಸರ್, ಅಂದರೆ ಆ ಜೀನುಗಳನ್ನು ತಡೆಯುವ ಪ್ರೋಟೀನು, ಎಲ್ಲಿ ಕೂರುತ್ತೆ ಅಂದರು. ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತೆ. ವಿಡಿಯೊದಲ್ಲಿ ಅದರ ಬಣ್ಣ ಕೆಂಪು ಅನ್ನೋದು ನೆನಪಿತ್ತು, ಕೂತ ಜಾಗ ನೆನಪಿರಲಿಲ್ಲ.

ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಫೋನ್ ಬೋರಲು ಹಾಕಿ, ನೋಡದೆ ಚಿತ್ರ ಬರೆದು, ತಪ್ಪಿದ ಕಡೆ ಮಾತ್ರ ಮತ್ತೆ ನೋಡುವುದು ಶುರು ಮಾಡಿದೆ. 40 ನಿಮಿಷದ ಪಾಠ ಎರಡು ಗಂಟೆ ತಿನ್ನುತ್ತಿತ್ತು. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ರೀಲ್ಸ್‌ಗೆ ಟೈಮರ್ ಹಾಕಿ ನೋಡಿದೆ. ಹಾಕಿದವಳೂ ನಾನೇ, ತೆಗೆಯುವವಳೂ ನಾನೇ, ಅದೆಷ್ಟು ದಿನ ನಿಲ್ಲುತ್ತೆ? ಕೊನೆಗೆ ಪಾಠ ಮೊದಲೇ ಡೌನ್‌ಲೋಡ್ ಮಾಡಿಕೊಂಡು ಡೇಟಾ ಆಫ್ ಮಾಡಿದೆ. ಅಪ್ಪನಿಗೆ ಕಾಲ್ ಬರಬೇಕಲ್ಲ, ಏರೋಪ್ಲೇನ್ ಮೋಡ್ ಹಾಕುವ ಹಾಗಿಲ್ಲ.

ನಿಜವಾಗಿ ಕೈಹಿಡಿದಿದ್ದು ರೆಕಾರ್ಡರ್. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳು ಹೇಗೆ ಮೇಯುತ್ತವೆ ಅಂತ ಸಾಕಿದವರಿಗೆ ಗೊತ್ತು, ಒಂದು ವಾರ ಹಗಲು ರಾತ್ರಿ ಇಲ್ಲ, ಪುಸ್ತಕ ಹಿಡಿಯಲು ಕೈ ಖಾಲಿ ಇರೋದಿಲ್ಲ. ಅದಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಮುಂದಿಟ್ಟುಕೊಂಡು (ಪಿಡಿಎಫ್ ಅವರ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತದೆ) ನಾನೇ ಪ್ರಶ್ನೆ ಓದಿ, ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಉತ್ತರ ಹೇಳಿ ರೆಕಾರ್ಡ್ ಮಾಡಿಕೊಂಡೆ. ಸೊಪ್ಪು ಹಾಕುತ್ತಾ ಕೇಳುವುದು, ಆ ಹತ್ತು ಸೆಕೆಂಡಿನಲ್ಲಿ ಜೋರಾಗಿ ಉತ್ತರ ಹೇಳುವುದು, ಆಮೇಲೆ ಸರಿಯೋ ತಪ್ಪೋ ಅಂತ ನನ್ನ ದನಿಯೇ ಹೇಳುತ್ತೆ. ಮೊದಮೊದಲು ಆ ಬಿಡುವು ಬಿಟ್ಟಿರಲಿಲ್ಲ. ಆಗ ಹಾಡು ಕೇಳಿದ ಹಾಗೆ ಆಗುತ್ತಿತ್ತು, ಮನಸ್ಸು ಎಲ್ಲೋ.

ಫಿಸಿಕ್ಸ್ ಲೆಕ್ಕಕ್ಕೆ ಇದರಿಂದ ಏನೂ ಆಗಲಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಅದಕ್ಕೆ ಹಳೇ ಪೇಪರ್, ಪೆನ್ನು, ಗೋಡೆ ಗಡಿಯಾರ. ಫೋನಿನಲ್ಲಿ ಟೈಮ್ ನೋಡಲು ಹೋದರೆ ಮುಗೀತು, ಅಲ್ವಾ.

ಆ ಫೈಲುಗಳು ಇನ್ನೂ ಅಪ್ಪನ ಫೋನಿನಲ್ಲಿವೆ. ಸುಮಾರು ಎಲ್ಲವನ್ನೂ ಹುಳು ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಹಿಂದೆ ಹುಳು ಸೊಪ್ಪು ಮೇಯುವ ಸದ್ದು, ಜಡಿಮಳೆ ಥರ. ಒಂದರಲ್ಲಿ ನಾನು "ರಿಪ್ರೆಸರ್ ಎಲ್ಲಿ ಕೂರುತ್ತೆ?" ಅಂತ ಕೇಳಿ ಸುಮ್ಮನಾಗಿದ್ದೇನೆ. ಆ ಹತ್ತು ಸೆಕೆಂಡಿನಲ್ಲಿ ಅಮ್ಮನ ದನಿ, "ಮೇಲಿನ ಸ್ಟ್ಯಾಂಡಿಗೆ ಸೊಪ್ಪು ಹಾಕ್ದೇನಮ್ಮಾ?" ಅದರ ಹಿಂದೆಯೇ ನಾನು, "ಆಪರೇಟರ್ ಮೇಲೆ."