ಎಂ15 ಟೂರ್ನಿಗಳಲ್ಲಿ ಆಡಿ ಬದುಕಿದ ಬಗೆ

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಡೆಸುವ ಪುರುಷರ ವೃತ್ತಿಪರ ಟೂರ್ನಿಗಳಲ್ಲಿ ತೀರಾ ಕೆಳಗಿನ ಮೆಟ್ಟಿಲಿಗೆ ಎಂ15 ಎಂದು ಹೆಸರು. ಒಟ್ಟು ಬಹುಮಾನ 15,000 ಡಾಲರ್, ಅದಕ್ಕೇ ಆ 15. ಕೇಳೋಕೆ ದೊಡ್ಡ ಮೊತ್ತ. ಹಂಚಿಕೆ ನೋಡಿ: ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಮೊದಲ ಸುತ್ತಿನಲ್ಲೇ ಸೋತವನಿಗೆ 156. ಅದರಲ್ಲೂ ಬಹುತೇಕ ಕಡೆ ಆ ದೇಶದ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಅರ್ಹತಾ ಸುತ್ತಿನಲ್ಲಿ ಸೋತರೆ ಬಹುಮಾನವೇ ಇಲ್ಲ. ಪ್ರವೇಶ ಶುಲ್ಕ ಕಟ್ಟಿ, ಆಡಿ, ಸೋತು, ಹೋಟೆಲ್ ಬಿಲ್ ಕೊಟ್ಟು ಹೊರಡಬೇಕು.

ಹತ್ತಿರ ಹತ್ತಿರ ಒಂದು ದಶಕ ನಾನು ಈ ಮೆಟ್ಟಿಲು ಮತ್ತು ಇದರ ಮೇಲಿನ ಎಂ25 ಮೆಟ್ಟಿಲಿನ ನಡುವೆ ಹತ್ತಿ ಇಳಿದವನು. ಸಿಂಗಲ್ಸ್‌ ರ‍್ಯಾಂಕಿಂಗ್‌ನಲ್ಲಿ ಒಮ್ಮೆ ಐನೂರರ ಒಳಗೆ ಇಣುಕಿ ಬಂದಿದ್ದು ಬಿಟ್ಟರೆ ಮಿಕ್ಕ ಕಾಲವೆಲ್ಲ ಆರುನೂರರಿಂದ ಎಂಟುನೂರರ ನಡುವೆಯೇ ಕಳೆಯಿತು. ಸಾಲ ಮೈಮೇಲೆ ಹಾಕಿಕೊಳ್ಳದೆ ಅಷ್ಟು ವರ್ಷ ಹೇಗೆ ಆಡಿದೆ ಅಂತ ಎಳೆಯ ಆಟಗಾರರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು ಕೇಳುತ್ತಿರುತ್ತಾರೆ. ಫೋರ್‌ಹ್ಯಾಂಡ್ ಬಗ್ಗೆ ಹೇಳೋಕೆ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಹೇಳಬಲ್ಲದ್ದು ಕ್ಯಾಲೆಂಡರ್ ಮತ್ತು ಖರ್ಚಿನ ಬಗ್ಗೆ. ಐನೂರರ ಆಚೆಗಿನ ಟೆನಿಸ್ ನಿಂತಿರುವುದು ಬಹುಪಾಲು ಆ ಎರಡರ ಮೇಲೆ.

ಮೊದಲು ಪಾಯಿಂಟ್. ಪುರುಷ ವೃತ್ತಿಪರ ಆಟಗಾರರ ಸಂಘ ಎಟಿಪಿ ರ‍್ಯಾಂಕಿಂಗ್ ಕೊಡುವುದು ಇದರ ಲೆಕ್ಕದಲ್ಲೇ. ಈಗಿನ ಪಟ್ಟಿಯ ಪ್ರಕಾರ ಎಂ15 ಗೆದ್ದರೆ 15 ಎಟಿಪಿ ಪಾಯಿಂಟ್, ಫೈನಲ್‌ನಲ್ಲಿ ಸೋತರೆ 8, ಮೊದಲ ಸುತ್ತು ಗೆದ್ದು ಎರಡನೆಯದರಲ್ಲಿ ಬಿದ್ದರೆ ಒಂದೇ ಒಂದು. ಎಂ25 ಗೆದ್ದವನಿಗೆ 25. ಅದರ ಮೇಲಿನ ಚಾಲೆಂಜರ್‌ ಟೂರ್ನಿಗಳಲ್ಲಿ 50ರಿಂದ 175ರವರೆಗೆ. ಗಳಿಸಿದ ಪಾಯಿಂಟ್ 52 ವಾರಕ್ಕೆ ಉದುರಿ ಹೋಗುತ್ತದೆ. ಅಂದರೆ ಕಳೆದ ವರ್ಷ ಇದೇ ವಾರ ಟೂರ್ನಿ ಗೆದ್ದಿದ್ದರೆ ಈ ವಾರ ಅಷ್ಟೇ ಗಳಿಸಬೇಕು, ಬರೀ ಇದ್ದಲ್ಲೇ ಇರೋಕೆ. ಜ್ವರ ಬಂದು ಮಲಗಿದ್ದರೂ ಪಾಯಿಂಟ್ ಹೋಗುತ್ತದೆ.

ರ‍್ಯಾಂಕಿಂಗ್‌ನಲ್ಲಿ ಸುಮಾರು 230ರ ಒಳಗೆ ಬಂದರೆ ಗ್ರ್ಯಾಂಡ್‌ಸ್ಲಾಂ ಅರ್ಹತಾ ಸುತ್ತಿಗೆ ಬಾಗಿಲು ತೆರೆಯುತ್ತದೆ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ನನ್ನಂಥವನಿಗೆ ಅದು ಇಡೀ ವರ್ಷದ ಖರ್ಚು. 230ರವನಿಗೂ 530ರವನಿಗೂ ಆಟದಲ್ಲಿರುವ ಅಂತರ ಜನ ಅಂದುಕೊಂಡಷ್ಟಿಲ್ಲ. ಅಭ್ಯಾಸದಲ್ಲಿ ಸೆಟ್ ಹಂಚಿಕೊಳ್ಳುತ್ತೇವೆ. ಜೇಬಿನ ಅಂತರ ಮಾತ್ರ ಅಜಗಜ. 2023ರಲ್ಲಿ ಭಾರತದ ಆಟಗಾರ ಸುಮಿತ್ ನಾಗಲ್ ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೊ ಅಂದಾಗ ಪೇಪರ್‌ನವರೆಲ್ಲ ಬೆರಗಾದರು. ನಮ್ಮ ಪೈಕಿ ಯಾರೂ ಬೆರಗಾಗಲಿಲ್ಲ. ಮರುವರ್ಷ ಜನವರಿಯಲ್ಲಿ ಅವರು ಮೆಲ್ಬರ್ನ್‌ನಲ್ಲಿ ಅರ್ಹತಾ ಸುತ್ತು ದಾಟಿ, 31ನೇ ಶ್ರೇಯಾಂಕದ (ಸೀಡ್) ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿ, ಆ ಒಂದು ಟೂರ್ನಿಯಲ್ಲಿ 1,80,000 ಆಸ್ಟ್ರೇಲಿಯನ್ ಡಾಲರ್ ಗಳಿಸಿದರು.

ಟೂರ್ನಿಗೆ ಹೆಸರು ಕೊಡಲು ಕಡೇ ದಿನ ಬರುವುದು 18 ದಿನ ಮೊದಲಿನ ಗುರುವಾರ. ಗ್ರೀನಿಚ್ ಸಮಯ ಮಧ್ಯಾಹ್ನ ಎರಡು, ನಮಗೆ ಸಂಜೆ ಏಳೂವರೆ. ನನ್ನ ವಾರದ ನಿಜವಾದ ಪಂದ್ಯ ಅದೇ. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಹಾಕಬಹುದು. ಹಿಂತೆಗೆದುಕೊಳ್ಳುವ ಗಡುವು ಮುಂದಿನ ಮಂಗಳವಾರ. ಆ ಐದು ದಿನ ನಾನು ಪಟ್ಟಿಗಳನ್ನು ಜಾತಕ ನೋಡಿದ ಹಾಗೆ ನೋಡುತ್ತಿದ್ದೆ. ಟರ್ಕಿಯ ಅಂಟಾಲ್ಯದಲ್ಲಿ ಮಣ್ಣಿನ ಅಂಕಣ, ಸ್ಪೇನ್ ಇಟಲಿಯವರು ಕಿಕ್ಕಿರಿದಿರುತ್ತಾರೆ, ಬೇಡ. ಟ್ಯುನಿಷಿಯಾದ ಮೊನಾಸ್ಟಿರ್‌ನಲ್ಲಿ ಹಾರ್ಡ್ ಕೋರ್ಟ್, ಅದೇ ವಾರ ಯುರೋಪ್‌ನಲ್ಲಿ ಎರಡು ಮೂರು ಚಾಲೆಂಜರ್ ಇವೆ, ಅಂದರೆ ಗಟ್ಟಿ ಆಟಗಾರರು ಅತ್ತ ಹೋಗಿರುತ್ತಾರೆ. ಅಲ್ಲಿ ನನ್ನ ರ‍್ಯಾಂಕಿಂಗ್‌ಗೆ ಶ್ರೇಯಾಂಕ ಸಿಕ್ಕೀತು. ಶ್ರೇಯಾಂಕ ಸಿಕ್ಕರೆ ಮೊದಲ ಸುತ್ತಿನಲ್ಲಿ ಇನ್ನೊಬ್ಬ ಶ್ರೇಯಾಂಕಿತ ಎದುರಾಗುವುದಿಲ್ಲ, ಒಂದು ಪಾಯಿಂಟ್‌ನ ಆಸೆ. ಆ ಒಂದು ಪಾಯಿಂಟ್‌ಗೋಸ್ಕರ ಎರಡು ವಿಮಾನ ಬದಲಿಸಿದ್ದೇನೆ.

ಮೊನಾಸ್ಟಿರ್‌ನ ಅನುಕೂಲವೆಂದರೆ ಅಲ್ಲಿ ವಾರದ ಮೇಲೆ ವಾರ ಎಂ15 ನಡೆಯುತ್ತಲೇ ಇರುತ್ತದೆ. ಮಂಗಳವಾರ ಸೋತವನು ಎಲ್ಲಿಗೂ ಹೋಗಬೇಕಿಲ್ಲ. ಅದೇ ರೂಮು, ಅದೇ ಊಟ, ಮುಂದಿನ ಡ್ರಾ. ಒಂದು ಟಿಕೆಟ್‌ನಲ್ಲಿ ನಾಲ್ಕೈದು ಟೂರ್ನಿ ಆಡಿಬಿಡಬಹುದು. ತೊಂದರೆ ಏನೆಂದರೆ ಮೂರನೇ ವಾರಕ್ಕೆ ತಲೆ ಕೆಡಲು ಶುರುವಾಗುತ್ತದೆ. ನಿನ್ನೆ ನಿಮ್ಮನ್ನು ಸೋಲಿಸಿದವನೇ ಬೆಳಿಗ್ಗೆ ಮೊಟ್ಟೆಯ ಸಾಲಿನಲ್ಲಿ ಮುಂದೆ ನಿಂತಿರುತ್ತಾನೆ. ಚಟ್ನಿಪುಡಿ ಡಬ್ಬಿ ಖಾಲಿಯಾದ ದಿನ ವಾಪಸ್ ಹೊರಡಬೇಕು ಅನ್ನುವುದು ನನ್ನ ಮತ್ತು ನನ್ನ ರೂಮ್‌ಮೇಟ್‌ನ ಅಲಿಖಿತ ನಿಯಮವಾಗಿತ್ತು.

ಉಳಿತಾಯ ಎಲ್ಲಿ ಅಂತ ಕೇಳಿದರೆ ನಾನು ಗಟ್ಟಿಂಗ್ ಅಂತೀನಿ, ಅಂದರೆ ರ‍್ಯಾಕೆಟ್‌ಗೆ ತಂತಿ ಕಟ್ಟುವುದು. ಟೂರ್ನಿಯಲ್ಲಿ ಕೂತಿರುವ ಸ್ಟ್ರಿಂಗರ್ ಒಂದು ರ‍್ಯಾಕೆಟ್‌ಗೆ ಕೂಲಿಯೇ ಹತ್ತು-ಹದಿನೈದು ಯೂರೊ ಕೇಳುತ್ತಾನೆ. ಪಾಲಿಯೆಸ್ಟರ್ ತಂತಿ ಹರಿಯದಿದ್ದರೂ ಬಿಗಿ ಬೇಗ ಸಡಿಲವಾಗುತ್ತದೆ, ಹಾಗಾಗಿ ಪಂದ್ಯದ ದಿನಕ್ಕೆ ಹೊಸದಾಗಿ ಕಟ್ಟಿದ ಎರಡಾದರೂ ಬೇಕು. ನಾನು ಮಡಚುವ ಸಣ್ಣ ಮೆಷಿನ್ ಒಂದನ್ನು ಕೊಂಡು ಬಟ್ಟೆಗಳ ನಡುವೆ ಸುತ್ತಿ ಒಯ್ಯುತ್ತಿದ್ದೆ. ತೂಕದ ಕಡ್ಡಿಯದ್ದು, ಕರೆಂಟ್ ಬೇಡ. ಕಡ್ಡಿಗೆ ಸಿಕ್ಕಿಸಿದ ಕಬ್ಬಿಣದ ಗುಂಡಿನಿಂದಾಗಿ ಏರ್‌ಪೋರ್ಟ್‌ನಲ್ಲಿ ನನ್ನ ಬ್ಯಾಗ್ ಬಿಚ್ಚಿಸದೆ ಬಿಟ್ಟವರು ಕಡಿಮೆ.

ಕಟ್ಟುವ ಕ್ರಮ ಹೀಗೆ. ಫ್ರೇಮನ್ನು ಮೆಷಿನ್‌ಗೆ ಬಿಗಿದು, ಮೊದಲು ಉದ್ದದ ಹದಿನಾರು ಎಳೆ. ನಡುವಿನಿಂದ ಶುರುಮಾಡಿ ಎಡಕ್ಕೆರಡು ಬಲಕ್ಕೆರಡು ಹೋಗಬೇಕು. ಒಂದೇ ಕಡೆ ಎಳೆದುಕೊಂಡು ಹೋದರೆ ಫ್ರೇಮ್ ಸೊಟ್ಟಗಾಗುತ್ತದೆ. ತಂತಿಯನ್ನು ಮೆಷಿನ್‌ನ ಹಿಡಿಗೆ ಸಿಕ್ಕಿಸಿ ಕಡ್ಡಿಯನ್ನು ಮೆಲ್ಲಗೆ ಇಳಿಸಿದಾಗ ಅದು ನೆಲಕ್ಕೆ ಸಮನಾಗಿ ನಿಂತರೆ ಎಳೆತ ಸರಿ, ಇಲ್ಲವಾದರೆ ಇನ್ನೊಮ್ಮೆ. ಆಮೇಲೆ ಕ್ಲ್ಯಾಂಪ್. ಅಡ್ಡದ ಹತ್ತೊಂಬತ್ತು ಎಳೆ ಬುಟ್ಟಿ ಹೆಣೆದಂತೆ ಒಂದರ ಮೇಲೆ ಒಂದರ ಕೆಳಗೆ. ಪ್ರತಿ ಅಡ್ಡ ಎಳೆ ಎಳೆದ ಮೇಲೆ ಬೆರಳಿನಿಂದ ನೆಟ್ಟಗೆ ಮಾಡಬೇಕು, ಹಾಗಾಗಿ ತೋರುಬೆರಳ ತುದಿ ಯಾವಾಗಲೂ ಜಡ್ಡುಗಟ್ಟಿರುತ್ತದೆ. 200 ಮೀಟರ್ ರೀಲ್‌ನಲ್ಲಿ ಹದಿನಾರು-ಹದಿನೇಳು ರ‍್ಯಾಕೆಟ್ ಆಗುತ್ತವೆ. ಕಡಲ ಪಕ್ಕದ ಮೊನಾಸ್ಟಿರ್‌ನಲ್ಲಿ 52 ಪೌಂಡ್ ಬಿಗಿಗೆ ಕಟ್ಟುತ್ತಿದ್ದವನು ಬೆಂಗಳೂರಿಗೆ ಬಂದಾಗ 54ಕ್ಕೆ ಏರಿಸುತ್ತಿದ್ದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡು ಹಾರುತ್ತದೆ. ಹೊರಗಿನಿಂದ ಬಂದವರು ಕಬ್ಬನ್ ಪಾರ್ಕ್‌ನ ಅಂಕಣದಲ್ಲಿ ಮೊದಲ ದಿನ ಬೇಸ್‌ಲೈನ್ ಆಚೆಗೆ ಹೊಡೆಯುತ್ತಾ ರ‍್ಯಾಕೆಟ್ಟನ್ನೇ ದಿಟ್ಟಿಸಿ ನೋಡುತ್ತಿರುತ್ತಾರೆ. ಅವರದ್ದನ್ನೂ ಕಟ್ಟಿಕೊಟ್ಟು ಒಂದಿಷ್ಟು ಸಂಪಾದಿಸಿದ್ದುಂಟು.

ಆದರೆ ನಿಜವಾಗಿ ನನ್ನನ್ನು ಸಾಕಿದ್ದು ಜರ್ಮನಿಯ ಕ್ಲಬ್ ಲೀಗ್. ಇದರ ಬಗ್ಗೆ ನಮ್ಮಲ್ಲಿ ಬರೆಯುವವರು ಕಡಿಮೆ. ಮೇ ತಿಂಗಳಿಂದ ಬೇಸಿಗೆ ಪೂರ್ತಿ ಅಲ್ಲಿನ ಸಣ್ಣ ಸಣ್ಣ ಊರಿನ ಕ್ಲಬ್‌ಗಳೂ ತಂಡ ಕಟ್ಟುತ್ತವೆ, ಮೇಲಿನ ದರ್ಜೆಯ ತಂಡಗಳು ಹೊರದೇಶದ ಆಟಗಾರರನ್ನು ಕರೆಸುತ್ತವೆ. ಪಂದ್ಯಕ್ಕಿಷ್ಟು ಅಂತ ಹಣ, ಗೆದ್ದರೆ ಸ್ವಲ್ಪ ಮೇಲೆ. ಕ್ಲಬ್‌ನ ಸದಸ್ಯರೊಬ್ಬರ ಮನೆಯ ಮಾಳಿಗೆಯಲ್ಲಿ ವಾಸ. ನಾನಾಡಿದ ದರ್ಜೆಯಲ್ಲಿ ಬೆಳಿಗ್ಗೆ ಆರು ಸಿಂಗಲ್ಸ್, ಮಧ್ಯಾಹ್ನ ಮೂರು ಡಬಲ್ಸ್. ಒಂದು ಭಾನುವಾರದ ಸಂಭಾವನೆ ಎಂ15ನ ಸೆಮಿಫೈನಲ್‌ಗಿಂತ ಜಾಸ್ತಿ. ಪಾಯಿಂಟ್ ಒಂದೂ ಇಲ್ಲ, ನಿಜ. ಹಾಗಂತ ವಾರದ ನಡುವೆ ಸುಮ್ಮನಿರಬೇಕಿಲ್ಲ, ಸುತ್ತಮುತ್ತ ಎಂ25 ಇದ್ದರೆ ರೈಲು ಹತ್ತಿ ಹೋಗಿ ಆಡಿ ಬರಬಹುದು. ಬೇಗ ಸೋತರೆ ಸಂಜೆ ಕ್ಲಬ್‌ನ ಮಕ್ಕಳಿಗೆ ಹೇಳಿಕೊಟ್ಟು ಇನ್ನಷ್ಟು.

ಕೆಂಪು ಮಣ್ಣಿನ ಅಂಕಣದಲ್ಲಿ ಆಡಿದ ಮೇಲೆ ಚಾಪೆ ಎಳೆದು ಗುಡಿಸಿ, ಗೆರೆ ಒರೆಸಿ, ನೀರು ಹಾಯಿಸಿ ಹೊರಬರುವುದು ಅಲ್ಲಿ ಆಟಗಾರನದ್ದೇ ಕೆಲಸ. ಪಂದ್ಯ ಸೋತ ಸಿಟ್ಟಿನಲ್ಲಿ ಚಾಪೆ ಎಳೆಯುವವರನ್ನು ನೋಡಬೇಕು, ಅಂಕಣ ಅತಿ ಚೊಕ್ಕವಾಗುತ್ತದೆ. ಆಮೇಲೆ ಎದುರಾಳಿ ತಂಡದ ಜತೆ ಕೂತು ಊಟ ಮಾಡಲೇಬೇಕು. ಸಸ್ಯಾಹಾರಿ ಅಂದರೆ ಮೊದಲ ವರ್ಷ ಆಲೂಗಡ್ಡೆ ಸಲಾಡ್ ಮಾತ್ರ ಸಿಕ್ಕಿತು. ಮೂರನೇ ವರ್ಷಕ್ಕೆ ಆ ಊರಿನ ಅಜ್ಜಿಯೊಬ್ಬರು ನನಗಾಗಿ ಬೇಳೆಸಾರು ಕಲಿತಿದ್ದರು. ಅವರು ಅದಕ್ಕೆ ಜೀರಿಗೆಯ ಬದಲು ಇನ್ನೇನೋ ಹಾಕುತ್ತಿದ್ದರು. ಕೇಳೋಕೆ ಹೋಗಲಿಲ್ಲ.

ಡಬಲ್ಸ್ ಬಗ್ಗೆ ಒಂದು ಮಾತು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡೆನ್ ಜತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ನಂಬರ್ ಒನ್ ಆದ ಮೇಲೆ ಎಲ್ಲರೂ ಡಬಲ್ಸ್‌ಗೆ ಹೋಗಿಬಿಡು ಅನ್ನುವವರೇ. ಬೋಪಣ್ಣನವರಂಥ ಸರ್ವ್ ಇದ್ದರೆ ಹೋಗಬಹುದು. ನನ್ನ ಸರ್ವ್ ಅಂಥದ್ದಲ್ಲ. ಕೆಳಗಿನ ಮಟ್ಟದಲ್ಲಿ ಡಬಲ್ಸ್ ಬಹುಮಾನ ಇಬ್ಬರಿಗೆ ಹಂಚಿದರೆ ಹೋಟೆಲ್ ಬಾಡಿಗೆ ದಾಟುವುದಿಲ್ಲ. ಆದರೂ ನಾನು ಒಂದು ವಾರವೂ ಬಿಡದೆ ಡಬಲ್ಸ್ ಆಡಿದೆ. ಸಿಂಗಲ್ಸ್ ಸೋತ ಮೇಲೂ ಟೂರ್ನಿಯಲ್ಲಿ ಉಳಿಯಬಹುದು, ಅಭ್ಯಾಸಕ್ಕೆ ಅಂಕಣ ಸಿಗುತ್ತದೆ, ಮುಖ್ಯವಾಗಿ ಜತೆಗಾರ ಸಿಗುತ್ತಾನೆ. ರೂಮಿನ ಬಾಡಿಗೆ, ಟ್ಯಾಕ್ಸಿ, ವೀಸಾ ಅರ್ಜಿ ಎಲ್ಲದರಲ್ಲೂ ಅರ್ಧ ಭಾರ ಇಳಿಯುತ್ತದೆ.

ಹೇಳಲು ಮುಜುಗರವಾದರೂ ಹೇಳಬೇಕಾದ್ದು ಬೆಟ್ಟಿಂಗ್. ನಾಲ್ಕು ಜನ ಕೂತು ನೋಡದ ನಮ್ಮ ಪಂದ್ಯಗಳ ಮೇಲೂ ಎಲ್ಲೆಲ್ಲೋ ಕೂತವರು ಹಣ ಕಟ್ಟುತ್ತಾರೆ. ಸೋತ ರಾತ್ರಿ ಇನ್‌ಸ್ಟಾಗ್ರಾಂ ತೆರೆದರೆ ಅಮ್ಮನನ್ನೂ ಬಿಡದ ಬೈಗುಳ. ವಿಚಿತ್ರವೆಂದರೆ ಗೆದ್ದ ರಾತ್ರಿಯೂ ಬರುತ್ತದೆ, ಎದುರಾಳಿಯ ಮೇಲೆ ಕಟ್ಟಿ ಕಳೆದುಕೊಂಡವರಿಂದ. ಪಂದ್ಯ ಇದ್ದ ದಿನ ಸಂಜೆ ಫೋನನ್ನು ರೂಮ್‌ಮೇಟ್ ಕೈಗೆ ಕೊಟ್ಟುಬಿಡುತ್ತಿದ್ದೆ. ಭ್ರಷ್ಟಾಚಾರ ತಡೆಯ ಆನ್‌ಲೈನ್ ಪಾಠ ಮುಗಿಸದೆ ಟೂರ್ನಿಗೆ ಬಿಡುವುದಿಲ್ಲ. ಅದರಲ್ಲಿ ಕಲಿಸುವುದು ಎರಡು ವಿಷಯ: ಯಾರಾದರೂ ಸೋಲಲು ಹಣದ ಮಾತೆತ್ತಿದರೆ ನಿರಾಕರಿಸಿದರಷ್ಟೇ ಸಾಲದು, ವರದಿ ಮಾಡಬೇಕು, ಮಾಡದಿದ್ದರೆ ಅದೂ ಅಪರಾಧ. ಇನ್ನು ನಿಮ್ಮ ಭುಜದ ನೋವಿನ ಸುದ್ದಿಯೂ ಮಾರಾಟದ ಸರಕು. 'ಬ್ರೋ, ಮೈ ಹುಷಾರಿದ್ಯಾ' ಎಂದು ಅಪರಿಚಿತರು ಕಳಿಸುವ ಮೆಸೇಜ್‌ಗೆ ನಾನು ಉತ್ತರ ಕೊಟ್ಟವನಲ್ಲ.

ಊರಿನ ಟೂರ್ನಿಗಳು ಹಬ್ಬ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿ ಮೂರರಲ್ಲೂ ಎಂ25 ನಡೆಯಿತು. ವೀಸಾ ಇಲ್ಲ, ರೈಲಿನಲ್ಲಿ ಹೋಗಬಹುದು, ಗ್ಯಾಲರಿಯಲ್ಲಿ 'ಬಾರೋ ಬಾರೋ' ಎಂದು ಕೂಗುವವರಿರುತ್ತಾರೆ. ಯುರೋಪಿನ ಹುಡುಗನೊಬ್ಬ ತನ್ನ ಮನೆಯಿಂದ ಸೈಕಲ್‌ನಲ್ಲಿ ಹೋಗಿ ಇಂಥ ಟೂರ್ನಿ ಆಡಿ ಬರುತ್ತಾನೆ. ನಮಗೆ ಅಂಥ ವಾರಗಳು ವರ್ಷಕ್ಕೆ ಬೆರಳೆಣಿಕೆ. ನಮ್ಮವರು ಮೇಲೆ ಬರುವುದಿಲ್ಲ ಅಂತ ಬಯ್ಯುವವರು ಈ ಒಂದು ಲೆಕ್ಕವನ್ನು ಮೊದಲು ನೋಡಲಿ.

ಆಟ ನಿಲ್ಲಿಸಲು ರಾಜೀನಾಮೆ ಪತ್ರ ಬೇಕಿಲ್ಲ. ಗುರುವಾರ ಸಂಜೆ ಹೆಸರು ಕೊಡದಿದ್ದರೆ ಆಯಿತು, ಪಾಯಿಂಟ್ ತಾನಾಗಿ ಕರಗುತ್ತದೆ. ನಾನು ಹಾಗೇ ಮಾಡಿದೆ. ಈಗ ಬೆಂಗಳೂರಿನಲ್ಲಿ ಕೋಚಿಂಗ್, ಸಂಜೆ ಗಟ್ಟಿಂಗ್. ಹದಿನಾರು ಹದಿನೇಳರ ಮಕ್ಕಳ ಅಪ್ಪಂದಿರು ಬಂದು, 'ಸರ್, ಪ್ರೊ ಆಡಿಸೋಕೆ ವರ್ಷಕ್ಕೆ ಎಷ್ಟಾಗುತ್ತೆ?' ಅಂತಾರೆ. ಕೋಚ್ ಜತೆಗೆ ಹೋಗದೆ, ರೂಮ್ ಹಂಚಿಕೊಂಡರೂ ಇಪ್ಪತ್ತೈದು ಲಕ್ಷ ಇಟ್ಟುಕೊಳ್ಳಿ ಅಂತೀನಿ. ಆಮೇಲೆ ಅಮೆರಿಕದ ಕಾಲೇಜು ಟೆನಿಸ್ ಬಗ್ಗೆ ಹೇಳುತ್ತೇನೆ. ಸ್ಕಾಲರ್‌ಶಿಪ್ ಸಿಕ್ಕರೆ ನಾಲ್ಕು ವರ್ಷ ಅಂಕಣ, ಕೋಚ್, ಫಿಸಿಯೊ ಎಲ್ಲ ಅವರದ್ದೇ. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡುತ್ತಾ 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದವರು, ಆಮೇಲೆ ವಿಶ್ವದ 62ನೇ ಸ್ಥಾನದವರೆಗೆ ಏರಿದರು. ಈಗಂತೂ ಕಾಲೇಜು ರ‍್ಯಾಂಕಿಂಗ್‌ನಲ್ಲಿ ಮುಂದಿರುವವರಿಗೆ ಚಾಲೆಂಜರ್‌ಗಳಲ್ಲಿ ನೇರ ಜಾಗ ಕೊಡುವ ವ್ಯವಸ್ಥೆಯೂ ಬಂದಿದೆ.

ಮೊನ್ನೆ ಒಬ್ಬರು ಎಲ್ಲ ಕೇಳಿಸಿಕೊಂಡು, 'ಅಲ್ಲಾ ಸರ್, ಅಲ್ಲಿಗೆ ಹೋಗಿ ಡಿಗ್ರಿ ಮಾಡ್ಕೊಂಡು, ಟೆನಿಸ್ ಬಿಟ್ಟು ಕೆಲಸಕ್ಕೆ ಸೇರ್ಕೊಂಡುಬಿಟ್ರೆ?' ಅಂದರು.

'ಸೇರ್ಕೊಳ್ಳಲಿ ಬಿಡಿ ಸರ್' ಅಂದೆ. 'ಭಾನುವಾರ ಬಂದು ನನ್ನ ಜತೆ ಆಡಲಿ.'