ಕಾಕರ್ ಸ್ಪ್ಯಾನಿಯಲ್‌ನ ಮೂಗಿಗೆ ಕೆಲಸ ಕೊಡಿ

ನಮ್ಮ ಚಿನ್ನಿ ಕಾಕರ್ ಸ್ಪ್ಯಾನಿಯಲ್ ನಾಯಿ. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ಮೂಸಿ ಎಬ್ಬಿಸಲೆಂದೇ ಬೆಳೆಸಿದ ತಳಿ. ಬರೀ ವಾಕಿಂಗ್ ಸಾಲದು, ಮೂಗಿಗೂ ಕೆಲಸ ಬೇಕೇ ಬೇಕು.

ಹಳೇ ಟವೆಲ್ ಹಾಸಿ, ಬೇಯಿಸಿದ ಕೋಳಿಯ ಸಣ್ಣ ಚೂರುಗಳನ್ನು ಉದುರಿಸಿ. ಉಪ್ಪು, ಮಸಾಲೆ, ಮೂಳೆ ಬೇಡ. ನಾಯಿಯ ಕಣ್ಣೆದುರೇ ಟವೆಲ್ ಸಡಿಲವಾಗಿ ಸುತ್ತಿ ಕೊಡಿ. ಬಿಡಿಸೋದು ಕಲಿತ ಮೇಲೆ ಸೋಫಾ ಹಿಂದೆ, ಹೂಕುಂಡದ ಮರೆಯಲ್ಲಿ ಬಚ್ಚಿಡಿ. ಮೊದಲು ‘ಕೂತ್ಕೋ’, ಆಮೇಲೆ ‘ಹುಡುಕು’. ಚಿನ್ನಿ ಮೂಗನ್ನು ನೆಲಕ್ಕೆ ಒತ್ತಿ, ಬಾಲ ಪಟಪಟ ಆಡಿಸುತ್ತಾ ಮೂಲೆ ಮೂಲೆ ಜಾಲಾಡುತ್ತಾಳೆ. ನೋಡೋಕೇ ಖುಷಿ!

ಸಿಗದೆ ಬೊಗಳಿದರೆ ಬೈಯಬೇಡಿ, ಸುಲಭದ ಜಾಗದಲ್ಲಿಡಿ. ಒಂದು ಸಲಕ್ಕೆ 5 ನಿಮಿಷ ಸಾಕು. ಟವೆಲ್ ಅಗಿದು ನುಂಗದಂತೆ ಹತ್ತಿರವೇ ಇರಿ. ಆಟದಲ್ಲಿ ತಿಂದಷ್ಟನ್ನು ಊಟದಲ್ಲಿ ಕಡಿಮೆ ಮಾಡಿ, ಈ ತಳಿಯ ನಾಯಿಗಳು ಬೇಗ ದಪ್ಪಗಾಗುತ್ತವೆ.